ಹೂಂಗುಟ್ಟುವವರಿಲ್ಲದ ಕಥೆ

ಮಲಗುವ ಹೊತ್ತಿನ ಕಥೆಗೆ ನಮ್ಮ ಸೀಮೆಯಲ್ಲಿ ಒಂದು ಕಟ್ಟಳೆಯುಂಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಿರಿಯರು ಅದನ್ನು ಬಲ್ಲರು. ಕಥೆ ಹೇಳುವ ಆಯಿ ಒಂದು ಮಾತು ಮುಗಿಸಿ ತಡೆಯುತ್ತಾಳೆ. ಕೌದಿಯೊಳಗಿಂದ ಮೊಮ್ಮಗ 'ಹೂಂ' ಎನ್ನಬೇಕು. ಎಂದರೆ ಮಾತ್ರ ರಾಜ ಕುದುರೆ ಏರುತ್ತಾನೆ. ಎನ್ನದಿದ್ದರೆ ರಾಜನೂ ಕುದುರೆಯೂ ನಿಂತಲ್ಲೇ ನಿಲ್ಲಬೇಕು. 'ಹೂಂ' ಗಟ್ಟಿಯಾಗಿ ಬಂದರೆ ಆಯಿ ಕಥೆಯನ್ನು ಹಿಗ್ಗಿಸುತ್ತಾಳೆ. ಅದು ಸಣ್ಣದಾಗುತ್ತ ಬಂದರೆ ತನ್ನ ದನಿಯನ್ನೂ ತಗ್ಗಿಸುತ್ತಾಳೆ. ಎರಡು ಸಲ ಕರೆದರೂ ಬಾರದಿದ್ದರೆ ಆ ರಾತ್ರಿಯ ಕಥೆ ಅಲ್ಲಿಗೇ ಮುಗಿಯಿತು. ರಾಕ್ಷಸನ ಗುಹೆಯ ಬಾಗಿಲಲ್ಲಿ ನಿಂತ ರಾಜಕುಮಾರನಿಗೆ ಮರುದಿನ ರಾತ್ರಿಯವರೆಗೆ ಅಲ್ಲಿಯೇ ವಾಸ.

ಪ್ರಿಯ ಓದುಗರೇ, ಈ ಒಂದಕ್ಷರದ ಉತ್ತರವನ್ನು ಅಳತೆಗೋಲಾಗಿ ಹಿಡಿದು, ಇಂದು ನಮ್ಮ ಮನೆಗಳನ್ನು ಪ್ರವೇಶಿಸಿರುವ ಹೊಸ ಬಗೆಯ ಕಥೆಗಳನ್ನು ನಿಮ್ಮೊಡನೆ ಪರಿಶೀಲಿಸುವುದು ನನ್ನ ಉದ್ದೇಶ. ಮೊಬೈಲಿನ ಚಿತ್ರಕಥೆಗಳು, ಕೇಳುವ ಕಥೆಗಳು, ಓದುವ ಕಥೆಗಳು, ಈಚೆಗೆ ಯಂತ್ರವೇ ಹೆಣೆದು ಕೊಡುವ ಕಥೆಗಳು, ಇವೆಲ್ಲವೂ ಆಯಿಯ ಕೆಲಸವನ್ನು ತಾವು ಮಾಡುವುದಾಗಿ ಮುಂದೆ ಬಂದಿವೆ. 'ಮೊಬೈಲು ಮಕ್ಕಳನ್ನು ಕೆಡಿಸಿತು' ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಎದ್ದುಹೋಗುವುದು ಸುಲಭ. ಆದರೆ ನಾಟಕವನ್ನೋ ಕಾದಂಬರಿಯನ್ನೋ ನಾವು ಹಾಗೆ ವಿಮರ್ಶಿಸುವುದಿಲ್ಲ. ಯಾವುದು ಸತ್ವವುಳ್ಳದ್ದು, ಯಾವುದು ಜೊಳ್ಳು ಎಂದು ಬೇರ್ಪಡಿಸಿ ನೋಡುತ್ತೇವೆ. ಮಕ್ಕಳ ಕಥೆಗೂ ಆ ಗೌರವ ಸಲ್ಲಬೇಕು.

ತಂತ್ರಜ್ಞಾನವೆಂಬುದು ನಮ್ಮ ಕಥೆ-ಹಾಡುಗಳ ಬಳಿಗೆ ಬಂದದ್ದು ಇದೇ ಮೊದಲ ಸಲವಲ್ಲ. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಸುಮಾರು ನೂರು ವರ್ಷಗಳ ಹಿಂದೆ ಒಂದು ಗೆಳೆಯರ ಬಳಗ ಕೂಡಿತ್ತು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಆ ಬಳಗದವರು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಅವರು ಬರೆದುಕೊಂಡರು. 1931ರಲ್ಲಿ ಅವು 'ಗರತಿಯ ಹಾಡು' ಎಂಬ ಪುಸ್ತಕವಾಗಿ ಹೊರಬಂದವು. ಚಡಚಣದಲ್ಲಿ 1905ರಲ್ಲಿ ಹುಟ್ಟಿದ ಸಿಂಪಿ ಲಿಂಗಣ್ಣನವರು ಮುಂದೆ ಉತ್ತರ ಕರ್ನಾಟಕದ ಜನಪದ ಕಥೆಗಳನ್ನೂ ಸಂಗ್ರಹಿಸಿದರು. ಆ ಕಾಲಕ್ಕೆ ಅಚ್ಚಿನ ಮೊಳೆಯೇ ಹೊಸ ಯಂತ್ರ. ಅದರಿಂದ ನಷ್ಟವಾಗಲಿಲ್ಲವೆಂದಲ್ಲ. ಕಲ್ಲಿನ ಗರಗರ ಸದ್ದು ಪುಸ್ತಕಕ್ಕೆ ಬರಲಿಲ್ಲ, ಧಾಟಿ ಬರಲಿಲ್ಲ, ಹಾಡಿದವಳ ಉಸಿರು ಎಲ್ಲಿ ಏರಿತು ಎಲ್ಲಿ ಇಳಿಯಿತೆಂಬುದು ಬರಲಿಲ್ಲ. ಆದರೂ ಆ ಗೆಳೆಯರು ಒಂದು ಎಚ್ಚರವನ್ನು ಕೊನೆಯವರೆಗೂ ಕಾಯ್ದುಕೊಂಡರು. ಹಾಡನ್ನು ಕಲಿಸುವುದಕ್ಕಾಗಿ ಅವರು ಹೆಂಗಸರ ಬಳಿಗೆ ಹೋಗಲಿಲ್ಲ, ಕಲಿಯುವುದಕ್ಕಾಗಿ ಹೋದರು. ಆ ಹೆಂಗಸರ ನುಡಿಯಲ್ಲಿಯೇ ಅದನ್ನು ಅಚ್ಚು ಹಾಕಿಸಿದರು. ಸಿಸು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಮೊದಲಾದವರಿಂದ ಈ ಜಿಲ್ಲೆ ಮಕ್ಕಳ ಸಾಹಿತ್ಯದ ಬೀಡೆನಿಸಿಕೊಂಡದ್ದರ ಹಿಂದೆಯೂ ಅದೇ ನುಡಿಯ ಬಲವಿದೆಯೆಂದು ನನ್ನ ನಂಬಿಕೆ.

ಈ ಹಿನ್ನೆಲೆಯಲ್ಲಿ ಇಂದಿನ ಚಿತ್ರಕಥೆಗಳನ್ನು ನೋಡಿರಿ. ಕನ್ನಡದಲ್ಲಿ ನೀತಿಕಥೆ, ಅಜ್ಜಿಕಥೆ ಎಂಬ ಹೆಸರಿನಲ್ಲಿ ಯೂಟ್ಯೂಬಿನಲ್ಲಿ ಸಿಗುವ ಚಲಿಸುವ ಗೊಂಬೆಗಳ ಕಥೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹಲವನ್ನು ನಾನು ತಾಳ್ಮೆಯಿಂದ ಕುಳಿತು ನೋಡಿದ್ದೇನೆ. ಬಣ್ಣಗಳು ಕಣ್ಣು ಕುಕ್ಕುತ್ತವೆ, ಸಂಗೀತ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಅನೇಕ ಕಥೆಗಳಲ್ಲಿ ಒಂದೇ ಗೊಂಬೆ ಹಿಂದಿಯಲ್ಲಿ ಬಾಯಿ ತೆರೆದಿರುತ್ತದೆ, ಕನ್ನಡ ಆಮೇಲೆ ಅದರ ಬಾಯಿಗೆ ಬಂದು ಸೇರುತ್ತದೆ. ತುಟಿ ಮುಚ್ಚಿದ ಮೇಲೂ ಮಾತು ಉಳಿದಿರುತ್ತದೆ. ಊರು ಎಂದರೆ ತೆಂಗಿನ ಮರ, ಇಳಿಜಾರು ಹೆಂಚಿನ ಮನೆ, ಪಕ್ಕದಲ್ಲೊಂದು ತೊರೆ. ಮಣ್ಣಿನ ಮಾಳಿಗೆಯ ಮನೆಯಾಗಲಿ, ಜೋಳದ ಹೊಲವಾಗಲಿ, ಬದುವಿನ ಜಾಲಿಗಿಡವಾಗಲಿ, ಇಳಕಲ್ ಸೀರೆಯ ಮುದುಕಿಯಾಗಲಿ ನನಗೆ ಅಲ್ಲಿ ಕಾಣಲಿಲ್ಲ. ಸಿಂದಗಿಯ ಕೂಸಿಗೆ ಕಥೆಯೆಂಬುದು ಬೇರೆ ಯಾರದೋ ಊರಿನಲ್ಲಿ ನಡೆಯುವ ಸಂಗತಿಯಾಗಿಬಿಡುತ್ತದೆ. 'ಒಂದೂರಾಗ ಒಬ್ಬ ರಾಜ ಇದ್ದ' ಎಂದು ಮನೆಯಲ್ಲಿ ಕೇಳಬೇಕಾದ ಮಗು 'ಒಂದಾನೊಂದು ಕಾಲದಲ್ಲಿ' ಎಂಬ ಪಠ್ಯಪುಸ್ತಕದ ದನಿಯನ್ನೇ ಕಥೆಯ ದನಿಯೆಂದು ತಿಳಿಯುತ್ತದೆ. ಆಯಿ ಬಾಯಿ ತೆರೆದರೆ 'ನಿನಗ ಕತಿ ಹೇಳಾಕ ಬರೂದಿಲ್ಲ' ಎನ್ನುವ ಮಟ್ಟಕ್ಕೆ ಬರುತ್ತದೆ. ಇದು ಸಣ್ಣ ನಷ್ಟವಲ್ಲ.

ಒಂದು ಉದಾಹರಣೆಯನ್ನು ತುಸು ವಿವರವಾಗಿ ನೋಡೋಣ. ಕಾಗಕ್ಕ ಗುಬ್ಬಕ್ಕನ ಕಥೆಯನ್ನು ತಿಳಿಯದವರು ಯಾರು? ಕಾಗಕ್ಕನ ಮನೆ ಸೆಗಣಿಯದು, ಗುಬ್ಬಕ್ಕನದು ಕಲ್ಲಿನದು. ದೊಡ್ಡ ಮಳೆ ಬಂದು ಸೆಗಣಿಯ ಮನೆ ಕೊಚ್ಚಿಹೋಗುತ್ತದೆ. ತೊಯ್ದು ತೊಪ್ಪೆಯಾದ ಕಾಗಕ್ಕ ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ. ತಡೆ, ಮಗುವಿಗೆ ಎರೆಯುತ್ತಿದ್ದೇನೆ ಎನ್ನುತ್ತಾಳೆ ಒಳಗಿನವಳು. ಮತ್ತೆ ಬಡಿದರೆ ಮೈ ಒರೆಸುತ್ತಿದ್ದಾಳೆ. ಮತ್ತೆ ಬಡಿದರೆ ಅಂಗಿ ತೊಡಿಸುತ್ತಿದ್ದಾಳೆ. ಆಮೇಲೆ ಕಾಡಿಗೆ, ಆಮೇಲೆ ಹಾಲು, ಆಮೇಲೆ ತೊಟ್ಟಿಲು. ಮನೆಯಿಂದ ಮನೆಗೆ ಈ ಸರಣಿ ಬೇರೆ ಬೇರೆ. ಹೇಳುವವಳಿಗೆ ಸಮಯವಿದ್ದರೆ ಹತ್ತು ಬಡಿತ, ಇಲ್ಲದಿದ್ದರೆ ನಾಲ್ಕು.

ಈ ಬಡಿತಗಳ ಸರಣಿಯೇ ಕಥೆಯ ಜೀವ. ಕೇಳುವ ಮಗು ಎರಡನೆಯ ಬಡಿತಕ್ಕೆ ಗುಟ್ಟು ತಿಳಿದುಕೊಳ್ಳುತ್ತದೆ, ಮೂರನೆಯದಕ್ಕೆ ತಾನೇ ಗುಬ್ಬಕ್ಕನ ಉತ್ತರವನ್ನು ಹೇಳತೊಡಗುತ್ತದೆ. ಇನ್ನೂ ಒಂದು ಜಾಣತನ ಇಲ್ಲಿದೆ. ಎರೆಯುವುದರಿಂದ ಹಿಡಿದು ತೊಟ್ಟಿಲಿಗೆ ಹಾಕುವವರೆಗಿನ ಕೆಲಸಗಳೆಲ್ಲ ಕೇಳುತ್ತಿರುವ ಮಗುವಿನ ಸಂಜೆಯ ಕೆಲಸಗಳೇ. ಗುಬ್ಬಿಯ ಮರಿ ಮಲಗುವ ಹೊತ್ತಿಗೆ ಇದೂ ಮಲಗಿರುತ್ತದೆ. ಅಕ್ಷರ ಬಾರದ ಮುದುಕಿಯರು ಎಷ್ಟು ನಯವಾಗಿ ಇದನ್ನು ಕಟ್ಟಿದ್ದಾರೆಂದು ಯೋಚಿಸಿರಿ. ಇದೇ ಕಥೆ ನಾನು ನೋಡಿದ ಚಿತ್ರದಲ್ಲಿ ಮೂರು ನಿಮಿಷಕ್ಕೆ ಇಳಿದಿತ್ತು. ಬಾಗಿಲು ಒಂದೇ ಸಲ ಬಡಿಯಲಾಯಿತು, ಗುಬ್ಬಿ ಒಂದೇ ಸಲ ನಿರಾಕರಿಸಿತು, ಕೂಡಲೇ ಪಶ್ಚಾತ್ತಾಪಪಟ್ಟು ಬಾಗಿಲು ತೆರೆಯಿತು. ಮರಳಿ ಮರಳಿ ಬಂದರೆ ನೋಡುವವರಿಗೆ ಬೇಸರವಾದೀತೆಂಬ ಭಯವಿರಬೇಕು. ಮಕ್ಕಳಿಗೆ ಬೇಸರ ತರಿಸುವುದು ಪುನರಾವರ್ತನೆಯಲ್ಲ. ತಮಗೆ ಬಾಯಿ ಹಾಕಲು ಎಡೆಯಿಲ್ಲದ ಕಥೆ ಎಂಬುದನ್ನು ಚಿತ್ರ ಮಾಡಿದವರು ಗಮನಿಸಲಿಲ್ಲ.

ಕಡೆಯಲ್ಲಿ 'ನೀತಿ: ಕಷ್ಟದಲ್ಲಿರುವವರಿಗೆ ಸಹಾಯ ಮಾಡಬೇಕು' ಎಂಬ ಫಲಕ ಬಂದಿತು. ಆಯಿ ಹೇಳುವ ಕಥೆಯಲ್ಲಿ ಇಷ್ಟು ಸರಳವಾದ ನೀತಿ ಸಿಗುವುದಿಲ್ಲ. ಒಳಗೆ ಬಂದ ಕಾಗಕ್ಕ ರಾತ್ರಿಯೆಲ್ಲ ಕಡಲೆಯ ಚೀಲವನ್ನು ಕಟುಂಕುಟುಂ ಎಂದು ಖಾಲಿ ಮಾಡುವ ಪಾಠಗಳುಂಟು. ಅವಳಿಗೆ ಬರೆ ಬೀಳುವ ಪಾಠಗಳೂ ಉಂಟು. ಹಾಗಾದರೆ ತಪ್ಪು ಯಾರದು, ಬಾಗಿಲು ತೆರೆಯದವಳದೋ ಕಡಲೆ ಕದ್ದವಳದೋ? ಮಗು ಅದನ್ನು ಯೋಚಿಸುತ್ತ ಮಲಗುತ್ತದೆ. ನೀತಿಯನ್ನು ಬಾಲವಾಗಿ ಅಂಟಿಸುವ ಚಟ ಪ್ರಬೋಧನೆ ಮಾಡುವ ನಮ್ಮಂಥವರಿಗೂ ಇದೆಯೆಂದು ಕೆಲವರು ನಗಬಹುದು, ನಗಲಿ. ಆದರೆ ಯೇಸುಸ್ವಾಮಿ ದಯಾಳು ಸಮಾರಿಯದವನ ಸಾಮತಿಯನ್ನು ಹೇಳಿ ಮುಗಿಸಿದಾಗ, ನೆರೆಯವನು ಯಾರೆಂಬ ಉತ್ತರವನ್ನು ತಾವು ಹೇಳಲಿಲ್ಲ. ಕೇಳಿದ ಶಾಸ್ತ್ರಜ್ಞನಿಂದಲೇ ಹೇಳಿಸಿದರು. ಅದೂ ಒಂದು ಬಗೆಯ 'ಹೂಂ'ಗಾಗಿ ಕಾಯುವುದೇ.

ಈ ಚಿತ್ರಗಳ ಇನ್ನೊಂದು ದೋಷ ಅವು ಮುಗಿಯದಿರುವುದು. ಮಲಗುವ ಹೊತ್ತಿನ ಕಥೆಯ ಮುಖ್ಯ ಗುಣವೇ ಅದಕ್ಕೊಂದು ಕೊನೆಯಿರುವುದು. ಮೊಬೈಲಿನಲ್ಲಿ ಒಂದು ಕಥೆ ಮುಗಿಯುವಷ್ಟರಲ್ಲಿ ಮುಂದಿನದು ಸಾಲಿನಲ್ಲಿ ಕಾದಿರುತ್ತದೆ, ನಡುವೆ ಸಾಬೂನಿನ ಜಾಹೀರಾತು ಬೇರೆ. ಮಗು ಮಲಗಿತೇ ಇಲ್ಲವೇ ಎಂಬುದು ಅದಕ್ಕೆ ಬೇಕಿಲ್ಲ. ಮಲಗದಿದ್ದರೇ ಅದಕ್ಕೆ ಲಾಭ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯ ಮುಂದೆ ಕೂರಿಸುವುದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡವೆಂದು ಅದು ಹೇಳುತ್ತದೆ. ಪತ್ರಿಕೆಗಳು ಇಷ್ಟನ್ನು ವರದಿ ಮಾಡಿ ಸುಮ್ಮನಾದವು. ಅದೇ ಮಾರ್ಗಸೂಚಿಯಲ್ಲಿ, ಮಗು ಕುಳಿತಿರುವ ವೇಳೆಯಲ್ಲಿ ಹಿರಿಯರು ಅದರೊಡನೆ ಓದಬೇಕು, ಕಥೆ ಹೇಳಬೇಕು ಎಂಬ ಮಾತೂ ಇರುವುದು ಹೆಚ್ಚು ಜನರಿಗೆ ತಿಳಿಯಲಿಲ್ಲ.

ಹೊಸದೆಲ್ಲ ಹೀಗೆಯೇ ಎಂದು ನೀವು ತಿಳಿಯಬಾರದು. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಎಂಬ ಸಂಸ್ಥೆಯು 2015ರ ಸೆಪ್ಟೆಂಬರ್ 8ರಂದು, ಅಂದರೆ ಸಾಕ್ಷರತಾ ದಿನದಂದು, 'ಸ್ಟೋರಿವೀವರ್' ಎಂಬ ಅಂತರ್ಜಾಲ ಕಥಾಭಂಡಾರವನ್ನು ತೆರೆಯಿತು. ಅಲ್ಲಿ ಕನ್ನಡವೂ ಸೇರಿ ಮುನ್ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಮಕ್ಕಳ ಸಚಿತ್ರ ಪುಸ್ತಕಗಳಿವೆ. ಯಾರು ಬೇಕಾದರೂ ಹಣ ಕೊಡದೆ ಓದಬಹುದು, ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು. ತಮ್ಮ ಮಾತಿಗೆ ಅನುವಾದಿಸಲೂ ಪರವಾನಗಿ ಇದೆ. ಕೊರೋನಾ ಹಾವಳಿಯ 2020ರಲ್ಲಿ ಇದೇ ಸಂಸ್ಥೆ, ಒಂದು ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಬಂದು ಕಥೆ ಕೇಳಿಸುವ ಏರ್ಪಾಟನ್ನೂ ಮಾಡಿತ್ತು. ಒತ್ತುಗುಂಡಿಯ ಹಳೆಯ ಫೋನಿದ್ದರೂ ಸಾಕಾಗಿತ್ತು. ಶಾಲೆಗಳು ಮುಚ್ಚಿ, ಸ್ಮಾರ್ಟ್‌ಫೋನಿಲ್ಲದ ಮನೆಗಳ ಮಕ್ಕಳು ಯಾವ ಪಾಠವೂ ಇಲ್ಲದೆ ಕುಳಿತಿದ್ದ ದಿನಗಳವು.

ಇವುಗಳ ಗುಣವೇನು? ಕೇಳುವ ಕಥೆ ಚಿತ್ರವನ್ನು ಮಗುವಿಗೇ ಬಿಟ್ಟುಕೊಡುತ್ತದೆ. ರಾಜನ ಮೀಸೆ ಹೇಗಿತ್ತೆಂದು ಮುದ್ದೇಬಿಹಾಳದ ಹುಡುಗ ತನ್ನ ಸೋದರಮಾವನನ್ನು ನೆನೆದುಕೊಂಡು ಬಿಡಿಸಿಕೊಳ್ಳಬಹುದು. ಸ್ಟೋರಿವೀವರಿನ ಗುಣ ಅದಕ್ಕಿಂತ ದೊಡ್ಡದು: ಆ ಪುಟಗಳನ್ನು ಓದಿ ಹೇಳಲು ಒಬ್ಬ ಅಪ್ಪನೋ ಅಕ್ಕನೋ ಬೇಕೇಬೇಕು. ಅಲ್ಲಿ ಯಂತ್ರವು ಕಥೆಗಾರನ ಜಾಗದಲ್ಲಿ ಕೂರುವುದಿಲ್ಲ, ಕಥೆಗಾರನ ಕೈಗೆ ಪುಸ್ತಕ ಕೊಟ್ಟು ಹಿಂದೆ ಸರಿಯುತ್ತದೆ. ಪುಸ್ತಕದಂಗಡಿಯಿಲ್ಲದ ಊರಿನಲ್ಲಿ, ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟು ಇನ್ನೊಂದು ಪುಸ್ತಕವಿಲ್ಲದವರಿಗೆ ಇದು ದೊಡ್ಡ ಉಪಕಾರ.

ಕೊರತೆಯನ್ನೂ ಹೇಳಬೇಕು. ಓದುವ ಅಭ್ಯಾಸಕ್ಕೆಂದು ಮಾಡಿದ ಪುಸ್ತಕಗಳಲ್ಲಿ ವಾಕ್ಯಗಳು ಕತ್ತರಿಸಿದಂತಿವೆ. ಗಟ್ಟಿಯಾಗಿ ಓದಿದರೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ, ಕೂಸು ಇನ್ನೂ ಕಣ್ಣರಳಿಸಿಕೊಂಡೇ ಇರುತ್ತದೆ. ನಾನು ಓದಿದ ಕನ್ನಡ ಅನುವಾದಗಳಲ್ಲಿ ಹೆಚ್ಚಿನವು ಅಚ್ಚುಕಟ್ಟಾದ, ಯಾವ ಊರಿನದೂ ಅಲ್ಲದ ಕನ್ನಡದಲ್ಲಿವೆ. ಆದರೆ ಇದರ ಪರಿಹಾರ ನಮ್ಮ ಕೈಯಲ್ಲೇ ಇದೆ. ಅನುವಾದಕ್ಕೆ ಪರವಾನಗಿ ಇದೆಯೆಂದೆನಲ್ಲ! ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿ ಶಿಕ್ಷಕ ಶಿಕ್ಷಕಿಯರಿದ್ದೀರಿ. ಒಂದು ಕಥೆಯನ್ನು ಬಾಗೇವಾಡಿಯ ಮಾತಿಗೆ ತಂದು ನೋಡಿರಿ. ಅಪ್ಪ ಓದುವಾಗ ಪುಸ್ತಕದ ವಾಕ್ಯವನ್ನು ಬಿಟ್ಟು ತನ್ನ ಮಾತಿನಲ್ಲೇ ಹೇಳಿದರೂ ಆಯಿತು, ಯಾರೂ ಅಂಕ ಕಡಿಮೆ ಮಾಡುವುದಿಲ್ಲ.

ಇಲ್ಲಿಯವರೆಗೆ ಮನೆಯಲ್ಲಿಯೇ ಅಪ್ಪ ಅವ್ವ ಇರುವರೆಂದು ತಿಳಿದು ಮಾತನಾಡಿದೆ. ಆದರೆ ನಮ್ಮ ಜಿಲ್ಲೆಯ ಸ್ಥಿತಿ ನಿಮಗೆ ಗೊತ್ತಿದೆ. ಮಳೆ ಕೈಕೊಟ್ಟ ವರ್ಷ ಮಾತ್ರವಲ್ಲ, ಸುಗ್ಗಿ ಮುಗಿದ ಯಾವ ವರ್ಷವೂ ಸಹ ಇಂಡಿ, ಸಿಂದಗಿ, ಮುದ್ದೇಬಿಹಾಳಗಳಿಂದ ಗಂಟುಮೂಟೆಯೊಡನೆ ಹೊರಡುವವರಿದ್ದಾರೆ. ಗೋವೆಯ ಕಟ್ಟಡ ಕೆಲಸಕ್ಕೆ, ಮಹಾರಾಷ್ಟ್ರದ ಕಡೆಗೆ, ಮಂಗಳೂರಿಗೆ, ಬೆಂಗಳೂರಿಗೆ. ಕೆಲವರು ಮಕ್ಕಳನ್ನು ಆಯಿ ಮುತ್ಯಾರ ಬಳಿ ಬಿಟ್ಟುಹೋಗುತ್ತಾರೆ. ಆಗ ಅವ್ವನ ದನಿ ಗೋವೆಯಲ್ಲಿರುತ್ತದೆ. ಕೆಲವರು ಮಕ್ಕಳನ್ನು ಕರೆದೊಯ್ಯುತ್ತಾರೆ. ಆಗ ಕಥೆ ಊರಿನಲ್ಲಿ ಉಳಿಯುತ್ತದೆ, ಮಗು ತಗಡಿನ ಶೆಡ್ಡಿನಲ್ಲಿ ಮಲಗುತ್ತದೆ. ಇಂಥ ಮನೆಗಳಲ್ಲಿ ಮೊಬೈಲನ್ನು ದೂರುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ರಾತ್ರಿ ಒಂಬತ್ತರ ಸುಮಾರಿಗೆ ಕೆಲಸ ಮುಗಿಸಿ, ರೊಟ್ಟಿ ಬಡಿದು, ಊರಿಗೆ ಫೋನು ಹಚ್ಚುವ ತಾಯಂದಿರನ್ನು ಬಲ್ಲೆ. ಮೊದಲು ಉಂಡಿಯಾ, ಸಾಲಿಗೆ ಹೋಗಿದ್ದ್ಯಾ ಎಂಬ ವಿಚಾರಣೆ. ಆಮೇಲೆ ಕಥೆ. ಮಗು ಆ ಬದಿಯಿಂದ 'ಹೂಂ' ಎನ್ನುತ್ತದೆ. ಹೂಂ ನಿಂತರೆ ಮಗು ಮಲಗಿತೋ ನೆಟ್‌ವರ್ಕು ಹೋಯಿತೋ ತಿಳಿಯದೆ ತಾಯಿ 'ಹಲೋ, ಹಲೋ' ಎನ್ನುತ್ತಾಳೆ. ಆಯಿ ಫೋನೆತ್ತಿಕೊಂಡು, 'ಮಕ್ಕೊಂಡಾನ ಬಿಡವಾ' ಎಂದು ಪಿಸುಗುಡುತ್ತಾಳೆ. ನಾನು ಕಂಡ ಹೊಸ ಸಾಧನಗಳ ಬಳಕೆಯಲ್ಲಿ ಇದಕ್ಕಿಂತ ಒಳ್ಳೆಯದನ್ನು ಕಂಡಿಲ್ಲ. ಇದರಲ್ಲಿ ಚಿತ್ರವಿಲ್ಲ, ಸಂಗೀತವಿಲ್ಲ, ಯಾವ ಕಂಪನಿಯೂ ಇದನ್ನು ಕಥಾಯಂತ್ರವೆಂದು ಮಾರಿಲ್ಲ. ಎರಡು ದನಿಗಳ ನಡುವಿನ ದೂರವನ್ನು ಮಾತ್ರ ಅದು ತೆಗೆದುಹಾಕಿತು, ದನಿಗಳನ್ನು ಮುಟ್ಟಲಿಲ್ಲ. ಹಲಸಂಗಿಯ ಗೆಳೆಯರ ಅಚ್ಚಿನ ಮೊಳೆಗೆ ಧಾಟಿಯನ್ನು ತರಲಾಗಲಿಲ್ಲ, ಈ ಅಗ್ಗದ ಫೋನು ಅದನ್ನು ತಂದಿದೆ.

ಇನ್ನು ತೀರ ಈಚಿನ ಬೆಳವಣಿಗೆಗೆ ಬರೋಣ. ಗೂಗಲ್ ಸಂಸ್ಥೆಯು 2025ರ ಆಗಸ್ಟ್ ತಿಂಗಳಲ್ಲಿ ತನ್ನ ಜೆಮಿನಿ ಎಂಬ ಕೃತಕ ಬುದ್ಧಿಮತ್ತೆಯ ಸೇವೆಯಲ್ಲಿ 'ಸ್ಟೋರಿಬುಕ್' ಎಂಬುದನ್ನು ಸೇರಿಸಿತು. ನಿಮ್ಮ ಮಗನ ಹೆಸರು, ಅವನಿಗೆ ಕತ್ತಲೆಯ ಭಯವಿದೆ, ಆನೆ ಇಷ್ಟ ಎಂದು ಹೇಳಿದರೆ ಸಾಕು. ಹತ್ತು ಪುಟಗಳ ಸಚಿತ್ರ ಕಥೆಯನ್ನು ಹೆಣೆದು ಗಟ್ಟಿಯಾಗಿ ಓದಿಯೂ ಹೇಳುತ್ತದೆ. ನಲವತ್ತೈದಕ್ಕೂ ಹೆಚ್ಚು ಭಾಷೆಗಳಲ್ಲಿ ಇದು ಸಾಧ್ಯವೆಂದು ಪ್ರಕಟಿಸಿದರು. ಮಗುವಿನ ಹೆಸರನ್ನು ಕಥೆಯೊಳಗೆ ಸೇರಿಸುವುದು ಹೊಸ ಉಪಾಯವೇನಲ್ಲ, ಆಯಿಯೂ ಸೇರಿಸುತ್ತಿದ್ದಳು. ಆದರೆ ಬೆಲ್ಲದ ಡಬ್ಬಿಗೆ ಕೈ ಹಾಕಿದ ದಿನ, ಕಥೆಯಲ್ಲಿ ಬೆಲ್ಲ ಕದ್ದ ಇಲಿಗೆ ಆ ಹೆಸರು ಬರುತ್ತಿತ್ತು! ಯಂತ್ರದ ಕಥೆಯಲ್ಲಿ ಮಗು ಪ್ರತಿ ರಾತ್ರಿಯೂ ನಾಯಕನೇ. ದಿನವೂ ತನ್ನ ಕಥೆಯನ್ನೇ ಕೇಳಿದ ಮಗುವಿಗೆ ಗುಬ್ಬಕ್ಕನ ಬಾಗಿಲಲ್ಲಿ ತೊಯ್ದು ನಿಂತವಳ ನೆನಪು ಎಲ್ಲಿಂದ ಬರಬೇಕು?

ಇಲ್ಲೊಂದು ಆಕ್ಷೇಪ ಬರಬಹುದು, ಅದನ್ನು ಮರೆಮಾಚುವುದು ಸರಿಯಲ್ಲ. 'ಗುರುಗಳೇ, ನೀವು ಹೂಂ ಹೂಂ ಎನ್ನುತ್ತೀರಿ. ಈಗಿನ ಯಂತ್ರಗಳು ಮಾತಿಗೆ ಮಾತು ಕೊಡುತ್ತವೆ. ಮಗು ಹೂಂ ಎನ್ನುವವರೆಗೆ ಕಾಯಲೂ ಬಲ್ಲವು, ಮುಂದೇನೆಂದು ಕೇಳಲೂ ಬಲ್ಲವು. ಆಗ ನಿಮ್ಮ ಅಳತೆಗೋಲು ಏನಾಯಿತು?' ಎಂದು ಯುವಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಂತ್ರ ಕಾಯಬಲ್ಲದು, ನಿಜ. ಆದರೆ ಅದಕ್ಕೆ ಬೇರೆ ಕೆಲಸವಿಲ್ಲ, ನಿದ್ದೆಯಿಲ್ಲ, ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗುವುದಿಲ್ಲ. ಆಯಿಯ ಸೊಂಟ ನೋಯುತ್ತಿರುತ್ತದೆ, ಅವ್ವ ಎಂಟು ತಾಸು ಸಿಮೆಂಟು ಹೊತ್ತಿರುತ್ತಾಳೆ. ಆದರೂ ಆ 'ಹೂಂ'ಗಾಗಿ ಎಚ್ಚರವಿರುತ್ತಾಳೆ. ಇದನ್ನು ಮಗು ಬಾಯಿಬಿಟ್ಟು ಹೇಳಲಾರದು, ಆದರೆ ಅರಿಯುತ್ತದೆ. ಕಥೆ ಹೇಳುತ್ತ ಹೇಳುತ್ತ ಆಯಿಯೇ ತೂಕಡಿಸಿದರೆ, ಕೂಸು ಅವಳ ಗದ್ದವನ್ನು ಅಲುಗಿಸಿ 'ಮುಂದ?' ಎನ್ನುವುದನ್ನು ನೀವು ನೋಡಿಲ್ಲವೇ? ತೂಕಡಿಸದ ಕಥೆಗಾರನಲ್ಲಿ ಅಲುಗಿಸಲು ಏನೂ ಇಲ್ಲ.

ಇದಕ್ಕಿಂತ ಗಂಭೀರವಾದ ಪ್ರಸಂಗವೊಂದಿದೆ. 2022ರ ಜೂನ್ ತಿಂಗಳಲ್ಲಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಅಮೆಜಾನ್ ಸಂಸ್ಥೆಯವರು ತಮ್ಮ ಅಲೆಕ್ಸಾ ಯಂತ್ರದ ಹೊಸ ಸಾಮರ್ಥ್ಯವನ್ನು ತೋರಿಸಿದರು. ಪುಟ್ಟ ಹುಡುಗನೊಬ್ಬ 'ವಿಝರ್ಡ್ ಆಫ್ ಆಝ್' ಕಥೆಯನ್ನು ಅಜ್ಜಿಯೇ ಓದಿ ಮುಗಿಸಬಹುದೇ ಎಂದು ಯಂತ್ರವನ್ನು ಕೇಳುತ್ತಾನೆ. ಯಂತ್ರ ಒಪ್ಪಿ, ಅಜ್ಜಿಯ ದನಿಯಲ್ಲಿ ಓದತೊಡಗುತ್ತದೆ. ಅಜ್ಜಿ ತೀರಿಕೊಂಡಿದ್ದಾಳೆ. ಒಂದು ನಿಮಿಷಕ್ಕೂ ಕಡಿಮೆಯ ಧ್ವನಿಮುದ್ರಣವಿದ್ದರೆ ದನಿಯನ್ನು ಹೀಗೆ ಕಟ್ಟಬಹುದೆಂದು ಅವರು ವಿವರಿಸಿದರು. ಅದು ಪ್ರದರ್ಶನ ಮಾತ್ರವಾಗಿತ್ತು. ಆದರೆ ದನಿಯನ್ನು ನಕಲು ಮಾಡುವ ವಿದ್ಯೆ ಅಂದಿನಿಂದ ಇಂದಿಗೆ ಎಷ್ಟೋ ಮುಂದೆ ಹೋಗಿದೆ.

ಮರಣದ ಮನೆಗಳಿಗೆ ಹೋಗಿಬರುವುದು ನನ್ನ ಕರ್ತವ್ಯದ ಭಾಗ. ಅಗಲಿದವರ ದನಿಗಾಗಿ ಉಳಿದವರು ಹೇಗೆ ಹಂಬಲಿಸುತ್ತಾರೆಂದು ಬಲ್ಲೆ. ಫೋನಿನಲ್ಲಿ ಉಳಿದುಕೊಂಡ ನಾಲ್ಕು ಮಾತುಗಳನ್ನು ಮತ್ತೆ ಮತ್ತೆ ಕೇಳಿ ಅಳುವವರನ್ನು ನಾನು ತಡೆದಿಲ್ಲ. ಅದು ಅವಳು ಆಡಿದ ಮಾತು, ಅವಳದೇ. ಆದರೆ ಅವಳು ಎಂದೂ ಆಡದ ಮಾತನ್ನು ಅವಳ ದನಿಯಲ್ಲಿ ಆಡಿಸುವುದು ಬೇರೆ. ನವೆಂಬರ್ 2ರಂದು ಸಮಾಧಿಗಳ ಮುಂದೆ ನಿಂತು ನಾವು ಅಗಲಿದವರನ್ನು ಹೆಸರು ಹಿಡಿದು ನೆನೆಯುತ್ತೇವೆ, ಅವರಿಗಾಗಿ ಪ್ರಾರ್ಥಿಸುತ್ತೇವೆ, ಅವರ ಬಾಯಲ್ಲಿ ನಮ್ಮ ಮಾತನ್ನು ಹಾಕುವುದಿಲ್ಲ. ಆ ಹುಡುಗನಿಗೆ ಅಜ್ಜಿ ಹೋದಳೆಂದು ತಿಳಿಸಬೇಕು. ಅರ್ಧಕ್ಕೆ ನಿಂತ ಕಥೆಯನ್ನು ಅವನ ತಾಯಿ ಮುಗಿಸಬೇಕು, ಅಜ್ಜಿಯಷ್ಟು ಚೆನ್ನಾಗಿ 'ಹೇಳಾಕ' ಬಾರದಿದ್ದರೂ. ಕಥೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬಂದದ್ದು ಯಾವಾಗಲೂ ಹಾಗೆಯೇ. ಅಜ್ಜಿಯ ದನಿ ಸದಾ ಸಿಗುವಂತಿದ್ದರೆ ತಾಯಿ ಎಂದಿಗೂ ಬಾಯಿ ತೆರೆಯಬೇಕಾಗಿಲ್ಲ.

ಬಾಯಿ ತೆರೆಯದಿದ್ದರೆ ಏನಾಗುತ್ತದೆಂಬುದಕ್ಕೆ ಕನ್ನಡದಲ್ಲಿಯೇ ಒಂದು ಕಥೆಯಿದೆ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಅವರು ಉತ್ತರ ಕರ್ನಾಟಕದ ಕಥೆಗಳನ್ನು ಕೂಡಿಹಾಕಿದರು. ಮುಂದೆ ಷಿಕಾಗೋದಲ್ಲಿದ್ದು ಕನ್ನಡದ ಬಾಯಿಮಾತಿನ ಕಥೆಗಳನ್ನು ಇಂಗ್ಲಿಷಿಗೆ ತಂದರು. ಅವುಗಳಲ್ಲಿ ಒಂದು ಹೀಗಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ತಪ್ಪಿಸಿಕೊಂಡವು. ಕಥೆ ಒಂದು ಜೊತೆ ಪಾದರಕ್ಷೆಯಾಗಿ ಹೊಸ್ತಿಲಲ್ಲಿ ಕುಳಿತಿತು, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು, ಯಾರು ಬಂದಿದ್ದರೆಂದು ಕೇಳಿದ, ಅವಳಿಗೆ ತಿಳಿಯದು. ಜಗಳವಾಡಿ ಗುಡಿಗೆ ಹೋಗಿ ಮಲಗಿದ. ಊರಿನಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಆ ಗುಡಿಯಲ್ಲಿ ಸೇರಿ ಮಾತನಾಡುವುದುಂಟಂತೆ. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನು ಹೇಳಿತು. ನಿಜ ತಿಳಿದು ಮನೆಗೆ ಓಡಿದ ಗಂಡ, ನಿನ್ನ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದ. ಅವಳಿಗೆ ಮರೆತುಹೋಗಿತ್ತು. ಗಿರೀಶ ಕಾರ್ನಾಡರು ರಾಮಾನುಜನ್ನರಿಂದ ಕೇಳಿದ ಇಂಥ ಎರಡು ಕಥೆಗಳ ಮೇಲೆಯೇ 1988ರಲ್ಲಿ 'ನಾಗಮಂಡಲ'ವನ್ನು ಕಟ್ಟಿದರು. ನಾಟಕದ ಆರಂಭದಲ್ಲಿ ದೀಪದ ಕುಡಿಗಳು ಬಂದು ಕೂರುವುದನ್ನು ನೋಡಿದವರಿಗೆ ನೆನಪಿರಬಹುದು.

ನಮ್ಮ ಮನೆಗಳಲ್ಲಿಯೂ ಹೇಳದೆ ಉಳಿದ ಕಥೆಗಳಿವೆ. ಕೇಳುವವರಿಲ್ಲವೆಂದು ಆಯಿ ಸುಮ್ಮನಿದ್ದಾಳೆ. ತಾಂಡಾಗಳಲ್ಲಿ ಈ ಕಥೆಗಳು ಲಂಬಾಣಿ ಮಾತಿನಲ್ಲಿವೆ, ಸ್ವಂತ ಲಿಪಿಯಿಲ್ಲದ ಆ ಮಾತಿನ ಕಥೆ ಹೇಳುವವಳೊಡನೆಯೇ ಹೊರಟುಹೋಗುತ್ತದೆ. ಈ ಒಂದು ಕೆಲಸಕ್ಕೆ ನಿಮ್ಮ ಕೈಯಲ್ಲಿರುವ ಫೋನು ಹಲಸಂಗಿಯ ಗೆಳೆಯರ ಲೇಖನಿಗಿಂತ ಸಮರ್ಥವಾದ ಸಾಧನ. ಹಬ್ಬಕ್ಕೋ ಊರ ಜಾತ್ರೆಗೋ ಗೋವೆಯಿಂದ, ಪುಣೆಯಿಂದ ಬಂದಾಗ ಒಂದು ರಾತ್ರಿ ಅದನ್ನು ಆಯಿಯ ತಲೆದಿಂಬಿನ ಬಳಿ ಇಟ್ಟು ಧ್ವನಿಮುದ್ರಿಸಿಕೊಳ್ಳಿರಿ.

ಹಾಗೆ ಮಾಡುವಾಗ ಕೆಲವು ಸಂಗತಿಗಳನ್ನು ಗಮನದಲ್ಲಿಡಿ. ಆಯಿಯನ್ನು ಒಬ್ಬಳನ್ನೇ ಕೂರಿಸಿ 'ಹೇಳು' ಎಂದರೆ ಅವಳು ಹೇಳಲಾರಳು, ಹೇಳಿದರೂ ಶಾಲೆಯ ಮಕ್ಕಳಂತೆ ಒಪ್ಪಿಸುತ್ತಾಳೆ. ಮೊಮ್ಮಗನೋ ಮೊಮ್ಮಗಳೋ ಪಕ್ಕದಲ್ಲಿ ಮಲಗಿರಲಿ. ಕ್ಯಾಮೆರಾ ಬೇಡ, ದನಿ ಸಾಕು, ದೀಪವನ್ನೂ ಆರಿಸಿಬಿಡಿ. ಅವಳ ಮಾತನ್ನು ತಿದ್ದಬೇಡಿ. ಆಮೇಲೆ ಅದನ್ನು ಚೊಕ್ಕ ಮಾಡುವ ಆಸೆಯಿಂದ ಕೆಮ್ಮು, ಆಡಿನ ಕೂಗು, ಹೊರಗೆ ಹಾದುಹೋದ ಟ್ರ್ಯಾಕ್ಟರಿನ ಸದ್ದು ಇವನ್ನೆಲ್ಲ ಕತ್ತರಿಸಿ ತೆಗೆಯಲು ಹೋಗಬೇಡಿ. ಮುಖ್ಯವಾಗಿ ಮಗುವಿನ ಆ 'ಹೂಂ'ಗಳನ್ನು ಉಳಿಸಿರಿ, ಕೊನೆಗೆ ಅವು ನಿಂತ ಮೇಲೆ ಆಯಿ ಎರಡು ಸಲ ಹೆಸರು ಹಿಡಿದು ಕರೆದು ಸುಮ್ಮನಾಗುವವರೆಗೆ.